ಡೆಂಗಿಯ ಪ್ರತಿಕಾಯಕ್ಕೆ ಮಂಗನ ಕಾಯಿಲೆಯ ವೈರಸ್ಸಿನ ಗುರುತು ಸಿಕ್ಕರೂ ಅದು ರೋಗವನ್ನು ಏಕೆ ತಡೆಯುವುದಿಲ್ಲ?

ತೋಟದಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಅಡಿಕೆ ಬೆಳೆಗಾರ. ಪದವಿಯಲ್ಲಿ ಜೀವಶಾಸ್ತ್ರ ಓದಿದ್ದೇನೆ, ಆದರೆ ಆ ಓದು ಈಗ ಬಹಳ ಹಳೆಯದಾಗಿದೆ. ನಮ್ಮ ಮಾವನವರಿಗೆ ಹಿಂದೊಂದು ಮಳೆಗಾಲದಲ್ಲಿ ಡೆಂಗಿ ಬಂದು ವಾಸಿಯಾಗಿತ್ತು. ಈ ಬೇಸಿಗೆಯಲ್ಲಿ ಕೊಟ್ಟಿಗೆಗೆ ದರಕು ತರಲು ಕಾಡಿನಂಚಿಗೆ ಹೋಗಿಬಂದ ಕೆಲವೇ ದಿನಗಳಲ್ಲಿ ಅವರಿಗೆ ಜೋರು ಜ್ವರ ಹಿಡಿಯಿತು. ಶಿವಮೊಗ್ಗಕ್ಕೆ ಕಳುಹಿಸಿದ ರಕ್ತದ ಮಾದರಿಯಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ ಮಂಗನ ಕಾಯಿಲೆ ಎಂಬುದು ಖಚಿತವಾಯಿತು. ಅದರ ಜೊತೆಗೇ ಮಾಡಿಸಿದ್ದ ಡೆಂಗಿ ಐಜಿಜಿ (ಒಂದು ಬಗೆಯ ಪ್ರತಿಕಾಯ) ಪರೀಕ್ಷೆಯೂ ಪಾಸಿಟಿವ್ ಎಂದು ಬಂದಿತ್ತು. ಅವರು ಈಗ ಪೂರ್ತಿ ಗುಣಮುಖರಾಗಿದ್ದಾರೆ, ಹಾಗಾಗಿ ಚಿಕಿತ್ಸೆಯ ಬಗ್ಗೆ ನನ್ನ ಪ್ರಶ್ನೆಯಿಲ್ಲ.

ನನಗೆ ಅರ್ಥವಾಗದಿರುವುದು ಬೇರೆ ವಿಷಯ. ಡೆಂಗಿ ವೈರಸ್ಸೂ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಫ್ಲೇವಿವೈರಸ್ ಬಳಗಕ್ಕೆ ಸೇರಿದವು. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಇನ್ನೊಂದರ ಪರೀಕ್ಷೆಯಲ್ಲಿಯೂ ಕೆಲವೊಮ್ಮೆ ಕಾಣಿಸಿಕೊಳ್ಳುತ್ತವೆ ಎಂದು ವೈದ್ಯರು ಹೇಳಿದರು. ಹಾಗಿದ್ದರೆ ಡೆಂಗಿಯ ಪ್ರತಿಕಾಯಕ್ಕೆ ಮಂಗನ ಕಾಯಿಲೆಯ ವೈರಸ್ಸಿನ ಗುರುತು ಅಷ್ಟಿಷ್ಟಾದರೂ ಸಿಗುತ್ತದೆ ಎಂದಾಯಿತು. ಗುರುತು ಸಿಕ್ಕ ಮೇಲೂ ಅದು ರೋಗವನ್ನು ಏಕೆ ತಡೆಯಲಿಲ್ಲ? ಪ್ರತಿಕಾಯವು ವೈರಸ್ಸಿನ ಮೈಮೇಲೆ ನಿಜವಾಗಿ ಗುರುತಿಸುವುದು ಏನನ್ನು, ಯಾವ ಭಾಗವನ್ನು? ತಿಳಿದವರು ಸ್ವಲ್ಪ ವಿಸ್ತಾರವಾಗಿಯೇ ಬರೆದರೆ ಉಪಕಾರವಾಗುತ್ತದೆ.

ತುಂಗಾತೀರ (ಶಿವಮೊಗ್ಗ)

ತೋಟದಮನೆಯವರೇ, ನಿಮ್ಮ ಮಾವನವರು ಚೇತರಿಸಿಕೊಂಡದ್ದು ತಿಳಿದು ಸಮಾಧಾನವಾಯಿತು. ನಾನು ಪದವಿ ತರಗತಿಗಳಿಗೆ ಜೀವರಸಾಯನಶಾಸ್ತ್ರ ಪಾಠ ಮಾಡುವವಳು. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮೊದಲನೆಯದರ ಉತ್ತರ ಅದರಲ್ಲಿಯೇ ಅಡಗಿದೆ.

ಪ್ರತಿಕಾಯವು ವೈರಸ್ಸನ್ನು ಇಡಿಯಾಗಿ ಗುರುತಿಸುವುದಿಲ್ಲ. ವೈರಸ್ಸಿನ ಒಂದು ಪ್ರೋಟೀನನ್ನು ಸಹ ಅದು ಇಡಿಯಾಗಿ ಗುರುತಿಸುವುದಿಲ್ಲ. ಪ್ರತಿಜನಕದ, ಅಂದರೆ ಪ್ರತಿಕಾಯ ಅಂಟಿಕೊಳ್ಳುವ ವಸ್ತುವಿನ, ಮೇಲ್ಮೈಯಲ್ಲಿ ಹದಿನೈದು ಇಪ್ಪತ್ತು ಅಮೈನೋ ಆಮ್ಲಗಳು ಸೇರಿ ಆಗಿರುವ ಒಂದು ಪುಟ್ಟ ಜಾಗವಷ್ಟೇ ಅದರ ಪಾಲಿಗೆ ಗುರುತು. ಆ ಜಾಗಕ್ಕೆ ಎಪಿಟೋಪ್ ಎಂದು 1960ರಲ್ಲಿ ಹೆಸರಿಟ್ಟವರು ನೀಲ್ಸ್ ಯೆರ್ನೆ. ಒಂದು ದೊಡ್ಡ ಪ್ರೋಟೀನಿನ ಮೈಮೇಲೆ ಇಂತಹ ಅನೇಕ ಜಾಗಗಳಿರುತ್ತವೆ, ಅವು ಒಂದರ ಮೇಲೊಂದು ಚಾಚಿಕೊಂಡಿರುವುದೂ ಉಂಟು. ಸೋಂಕು ತಗಲಿದಾಗ ನಮ್ಮ ದೇಹವು ‘ಡೆಂಗಿಯ ಪ್ರತಿಕಾಯ’ ಎಂಬ ಒಂದೇ ವಸ್ತುವನ್ನು ತಯಾರಿಸುವುದಿಲ್ಲ. ಬೇರೆ ಬೇರೆ ಜಾಗಗಳಿಗೆ ಅಂಟಿಕೊಳ್ಳುವ ನಾನಾ ಪ್ರತಿಕಾಯಗಳ ಗುಂಪೊಂದನ್ನು ತಯಾರಿಸುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕೋಳಿಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಎಂಬ ಪ್ರೋಟೀನಿದೆ, ಅದು 129 ಅಮೈನೋ ಆಮ್ಲಗಳ ಸರಪಳಿ. ಅದಕ್ಕೆ ಡಿ1.3 ಎಂಬ ಪ್ರತಿಕಾಯವು ಅಂಟಿಕೊಂಡಿರುವ ಸ್ಥಿತಿಯಲ್ಲಿಯೇ ಎರಡನ್ನೂ ಹರಳುಗಟ್ಟಿಸಿ, ಕ್ಷಕಿರಣಗಳಿಂದ ಅದರ ರಚನೆಯನ್ನು 1986ರಲ್ಲಿ ಪ್ರಕಟಿಸಲಾಯಿತು. ಪ್ರತಿಕಾಯ ಮತ್ತು ಪ್ರತಿಜನಕ ಒಂದನ್ನೊಂದು ಮುಟ್ಟುವ ಜಾಗ ಹೇಗಿರುತ್ತದೆ ಎಂಬುದು ಅಣುಗಳ ಮಟ್ಟದಲ್ಲಿ ಸ್ಪಷ್ಟವಾಗಿ ಕಂಡದ್ದು ಆಗಲೇ. ಮುಟ್ಟುವ ಜಾಗ ಸುಮಾರು 2 ನ್ಯಾನೋಮೀಟರ್ ಅಗಲ, 3 ನ್ಯಾನೋಮೀಟರ್ ಉದ್ದವಿತ್ತು. ಲೈಸೋಜೈಮ್‌ನ ಕಡೆಯಿಂದ ಅದರಲ್ಲಿ ಪಾಲ್ಗೊಂಡಿದ್ದವು 16 ಅಮೈನೋ ಆಮ್ಲಗಳು. ಆದರೆ ಅವು ಸರಪಳಿಯಲ್ಲಿ ಸಾಲಾಗಿ ಇರಲಿಲ್ಲ: ಕೆಲವು 18ರಿಂದ 27ರವರೆಗಿನ ಭಾಗದಲ್ಲಿದ್ದರೆ ಉಳಿದವು 116ರಿಂದ 129ರವರೆಗಿನ ಭಾಗದಲ್ಲಿದ್ದವು. ಮಲ್ಲಿಗೆ ದಂಡೆಯನ್ನು ಅಂಗೈಯಲ್ಲಿ ಮುದುಡಿ ಹಿಡಿದಾಗ ದಾರದಲ್ಲಿ ದೂರದೂರ ಇದ್ದ ಹೂಗಳು ಒಂದಕ್ಕೊಂದು ತಾಗಿಕೊಂಡು ಕೂರುತ್ತವಲ್ಲ, ಪ್ರೋಟೀನು ಮಡಚಿಕೊಂಡಾಗಲೂ ಹಾಗೆಯೇ ಆಗುತ್ತದೆ. ಹೀಗೆ ಮಡಿಕೆಯಿಂದ ಹುಟ್ಟುವ ಗುರುತಿಗೆ ರಚನಾವಲಂಬಿ ಎಪಿಟೋಪ್ ಎನ್ನುತ್ತಾರೆ; ಸರಪಳಿಯಲ್ಲಿ ಸಾಲಾಗಿರುವ ಅಮೈನೋ ಆಮ್ಲಗಳಿಂದಲೇ ಆದದ್ದು ರೇಖೀಯ ಎಪಿಟೋಪ್. ಪ್ರತಿಕಾಯಗಳು ಗುರುತಿಸುವ ಜಾಗಗಳಲ್ಲಿ ಬಹುಪಾಲು ಮೊದಲನೆಯ ಬಗೆಯವು. ಪ್ರೋಟೀನನ್ನು ಕಾಯಿಸಿ ಅದರ ಮಡಿಕೆ ಬಿಚ್ಚಿಹೋದರೆ ಇಂತಹ ಗುರುತು ಅಳಿಸಿಹೋಗುತ್ತದೆ, ಸರಪಳಿಯ ಒಂದು ಕೊಂಡಿಯೂ ಕಳೆದಿರದಿದ್ದರೂ ಸಹ.

ಈ ಗುರುತು ಎಷ್ಟು ಸೂಕ್ಷ್ಮವಾದದ್ದು ಎಂಬುದು ಅದೇ ಲೈಸೋಜೈಮ್‌ನಿಂದ ತಿಳಿಯುತ್ತದೆ. ಕೋಳಿಯ ಲೈಸೋಜೈಮ್‌ನಲ್ಲಿ 121ನೆಯ ಸ್ಥಾನದಲ್ಲಿರುವುದು ಗ್ಲುಟಮಿನ್. ಟರ್ಕಿ ಕೋಳಿಯಲ್ಲಿ ಅದೇ ಸ್ಥಾನದಲ್ಲಿ ಹಿಸ್ಟಿಡಿನ್ ಇದೆ. ಎರಡೂ ಪ್ರೋಟೀನುಗಳ ಕೆಲಸ ಒಂದೇ, ಒಟ್ಟಾರೆ ಆಕಾರವೂ ಒಂದೇ. ಆದರೂ ಟರ್ಕಿಯ ಲೈಸೋಜೈಮ್‌ಗೆ ಡಿ1.3 ತೀರ ದುರ್ಬಲವಾಗಿ ಅಂಟಿಕೊಳ್ಳುತ್ತದೆ. ಗುರುತಿನ ನಡುಮಧ್ಯದ ಒಂದು ಅಮೈನೋ ಆಮ್ಲ ಬದಲಾದರೆ ಸಾಕು. ಅದೇ ಪ್ರೋಟೀನಿನ ಇನ್ನೊಂದು ಮಗ್ಗುಲಿಗೆ ಅಂಟುವ ಬೇರೆ ಪ್ರತಿಕಾಯಕ್ಕೆ ಈ ಬದಲಾವಣೆಯಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಇನ್ನು ಪ್ರತಿಕಾಯದ ಕಡೆ. ಅದು ಭಾರದ ಮತ್ತು ಹಗುರ ಎಂಬ ಎರಡು ಬಗೆಯ ಪ್ರೋಟೀನ್ ಸರಪಳಿಗಳಿಂದಾದ, ಇಂಗ್ಲಿಷಿನ ವೈ ಅಕ್ಷರದ ಆಕಾರದ ಅಣು. ಅದರ ಪ್ರತಿಯೊಂದು ತೋಳಿನ ತುದಿಯಲ್ಲಿ ಆರು ಕುಣಿಕೆಗಳಿರುತ್ತವೆ, ಮೂರು ಭಾರದ ಸರಪಳಿಯವು, ಮೂರು ಹಗುರ ಸರಪಳಿಯವು. ಎಪಿಟೋಪನ್ನು ಮುಟ್ಟುವುದು ಮುಖ್ಯವಾಗಿ ಈ ಕುಣಿಕೆಗಳೇ. ಅವುಗಳ ಆಕಾರ ವೈರಸ್ಸನ್ನು ನೋಡಿ ರೂಪುಗೊಳ್ಳುವುದಲ್ಲ. ಪ್ರತಿಕಾಯಗಳನ್ನು ತಯಾರಿಸುವ ಬಿ ಜೀವಕೋಶವು ಮೂಳೆಮಜ್ಜೆಯಲ್ಲಿ ಬೆಳೆಯುವಾಗಲೇ ಜೀನ್ ತುಣುಕುಗಳನ್ನು ಕತ್ತರಿಸಿ ಹೊಸ ಹೊಸ ಬಗೆಯಲ್ಲಿ ಜೋಡಿಸಿಕೊಂಡು ತನ್ನದೇ ಆದ ಒಂದು ಗ್ರಾಹಿಯನ್ನು (ಗುರುತು ಹಿಡಿಯುವ ಅಣುವನ್ನು) ಪಡೆದಿರುತ್ತದೆ. ಇದನ್ನು ತೋರಿಸಿಕೊಟ್ಟ ಸುಸುಮು ಟೊನೆಗಾವಾ ಅವರಿಗೆ 1987ರ ನೊಬೆಲ್ ಬಹುಮಾನ ಬಂದಿತು. ವೈರಸ್ಸು ಒಳಗೆ ಬಂದಾಗ ಅದರ ಯಾವುದೋ ಒಂದು ಜಾಗಕ್ಕೆ ಹೊಂದುವ ಗ್ರಾಹಿ ಇರುವ ಕೋಶಗಳು ಮಾತ್ರ ಆಯ್ಕೆಯಾಗಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಮ್ಯಾಕ್‌ಫರ್ಲೇನ್ ಬರ್ನೆಟ್ ಈ ಆಯ್ಕೆಯ ಸಿದ್ಧಾಂತವನ್ನು ಮುಂದಿಟ್ಟದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಈ ಕಾಯಿಲೆ ಜಗತ್ತಿಗೆ ಗೊತ್ತಾದದ್ದೂ ಅದೇ ವರ್ಷ, ಎಂಬುದನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ.

ಆಯ್ಕೆಯಾದ ಕೋಶಗಳು ಹಾಲ್ರಸ ಗ್ರಂಥಿಗಳಲ್ಲಿ ವಿಭಜನೆಯಾಗುತ್ತಾ ತಮ್ಮ ಪ್ರತಿಕಾಯದ ಜೀನುಗಳಲ್ಲಿ ಸಣ್ಣಪುಟ್ಟ ಬದಲಾವಣೆಗಳನ್ನು ಮಾಡಿಕೊಳ್ಳುತ್ತವೆ, ಅವುಗಳಲ್ಲಿ ಹೆಚ್ಚು ಬಿಗಿಯಾಗಿ ಅಂಟುವವು ಉಳಿದುಕೊಳ್ಳುತ್ತವೆ. ವಾರಗಳು ಕಳೆದಂತೆ ಪ್ರತಿಕಾಯಗಳ ಹಿಡಿತ ಬಲವಾಗುವುದು ಇದರಿಂದಲೇ.

ಹೊಳೆದಾಟು (ತೀರ್ಥಹಳ್ಳಿ)

ತುಂಗಾತೀರ ಮೇಡಂ ಬರೆದದ್ದು ಬಿ ಜೀವಕೋಶಗಳ ವಿಷಯ. ಟಿ ಜೀವಕೋಶಗಳು ಗುರುತಿಸುವ ರೀತಿಯೇ ಬೇರೆ, ಅದನ್ನು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ ಎಂದು ಇದನ್ನು ಸೇರಿಸುತ್ತಿದ್ದೇನೆ.

ಟಿ ಜೀವಕೋಶಕ್ಕೆ ಮಡಚಿಕೊಂಡ ಪ್ರೋಟೀನಿನ ಮೇಲ್ಮೈ ಬೇಕಾಗಿಲ್ಲ. ಸೋಂಕು ತಗಲಿದ ಕೋಶದೊಳಗೆ ವೈರಸ್ಸಿನ ಪ್ರೋಟೀನುಗಳು ತುಂಡುತುಂಡಾಗುತ್ತವೆ. ಆ ತುಣುಕುಗಳಲ್ಲಿ ಕೆಲವನ್ನು ಎಚ್‌ಎಲ್‌ಎ ಎಂಬ ಅಣುಗಳು ತಮ್ಮ ತೋಡಿನಲ್ಲಿ ಕೂರಿಸಿಕೊಂಡು ಕೋಶದ ಹೊರಮೈಗೆ ತಂದು ತೋರಿಸುತ್ತವೆ. ಮೊದಲ ವರ್ಗದ ಎಚ್‌ಎಲ್‌ಎ ಅಣುಗಳ ತೋಡಿನಲ್ಲಿ ಸಾಮಾನ್ಯವಾಗಿ 8ರಿಂದ 10 ಅಮೈನೋ ಆಮ್ಲಗಳ ತುಣುಕು ಕೂರುತ್ತದೆ, ಎರಡನೆಯ ವರ್ಗದಲ್ಲಿ ಇನ್ನೂ ಉದ್ದನೆಯದು. ಟಿ ಜೀವಕೋಶದ ಗ್ರಾಹಿ ಆ ತುಣುಕನ್ನೂ ಅದನ್ನು ಹಿಡಿದಿರುವ ಎಚ್‌ಎಲ್‌ಎಯನ್ನೂ ಒಟ್ಟಾಗಿಯೇ ಗುರುತಿಸುತ್ತದೆ. ಈ ನಿರ್ಬಂಧವನ್ನು ರೋಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ 1974ರಲ್ಲಿ ಇಲಿಗಳಲ್ಲಿ ಕಂಡುಹಿಡಿದರು, 1996ರಲ್ಲಿ ಅದಕ್ಕೆ ನೊಬೆಲ್ ಬಂದಿತು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ವೈರಸ್ಸಿನ ಹೊಟ್ಟೆಯೊಳಗೆ ಅಡಗಿರುವ ಪ್ರೋಟೀನಾಗಲಿ, ಸೋಂಕಿನ ನಂತರವಷ್ಟೇ ಕೋಶದೊಳಗೆ ತಯಾರಾಗುವ ಪ್ರೋಟೀನಾಗಲಿ ಟಿ ಜೀವಕೋಶದ ಕಣ್ಣಿನಿಂದ ತಪ್ಪಿಸಿಕೊಳ್ಳಲಾರದು. ಎಚ್‌ಎಲ್‌ಎ ಅಣುಗಳು ಮನುಷ್ಯರಿಂದ ಮನುಷ್ಯರಿಗೆ ಬೇರೆಯಾಗಿರುತ್ತವೆ, ಒಂದೇ ತಾಯಿತಂದೆಯರ ಮಕ್ಕಳಲ್ಲಿಯೂ ಎಲ್ಲರಿಗೂ ಒಂದೇ ಜೋಡಿ ಸಿಗುವುದಿಲ್ಲ. ಉದಾಹರಣೆಗೆ ಎ2 ಎಂಬ ಸಾಮಾನ್ಯ ಮಾದರಿಯ ತೋಡಿಗೆ ತುಣುಕಿನ ಎರಡನೆಯ ಸ್ಥಾನದಲ್ಲಿ ಲ್ಯೂಸಿನ್‌ನಂತಹದು, ಕೊನೆಯ ಸ್ಥಾನದಲ್ಲಿ ವ್ಯಾಲಿನ್ ಅಥವಾ ಲ್ಯೂಸಿನ್ ಇದ್ದರೆ ಚೆನ್ನಾಗಿ ಹೊಂದುತ್ತದೆ. ಬೇರೆ ಮಾದರಿಗಳ ಆಯ್ಕೆಯೇ ಬೇರೆ. ಆದ್ದರಿಂದ ಒಂದೇ ಮನೆಯ ಇಬ್ಬರಿಗೆ ಒಂದೇ ಸೋಂಕು ತಗಲಿದರೂ ಅವರ ಟಿ ಜೀವಕೋಶಗಳು ವೈರಸ್ಸಿನ ಬೇರೆ ಬೇರೆ ತುಣುಕುಗಳನ್ನು ಹಿಡಿದುಕೊಳ್ಳಬಹುದು.

ಉಣುಗುಕಾಡು (ಸಾಗರ)

ನಾನು ಹಿಂದೆ ವೈರಸ್ ಪತ್ತೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿದವನು. ತೋಟದಮನೆಯವರ ಮೊದಲ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ಮಲೆನಾಡಿನಲ್ಲಿ ಇರುವವರೆಲ್ಲರೂ ಕೇಳಬೇಕಾದ ಪ್ರಶ್ನೆ ಇದು.

ಫ್ಲೇವಿವೈರಸ್ಸಿನ ಕಣ ಸುಮಾರು 50 ನ್ಯಾನೋಮೀಟರ್ ಅಗಲದ ಗುಂಡು. ಅದರ ಹೊರಮೈಯನ್ನು ಇ ಎಂಬ ಪ್ರೋಟೀನಿನ 180 ಪ್ರತಿಗಳು ಎರಡೆರಡಾಗಿ ಜೊತೆಗೂಡಿ, ಹಾಸಿದಂತೆ ಮುಚ್ಚಿರುತ್ತವೆ. ಪ್ರತಿಯೊಂದು ಇ ಪ್ರೋಟೀನಿನಲ್ಲಿ ಮೂರು ಭಾಗಗಳಿವೆ. ಎರಡನೆಯ ಭಾಗದ ತುದಿಯಲ್ಲಿ, 98ರಿಂದ 110ರವರೆಗಿನ ಅಮೈನೋ ಆಮ್ಲಗಳಿಂದಾದ ಒಂದು ಕುಣಿಕೆಯಿದೆ. ವೈರಸ್ಸು ನಮ್ಮ ಕೋಶದೊಳಗೆ ಹೊಕ್ಕ ಮೇಲೆ ಅಲ್ಲಿನ ಪೊರೆಗೆ ತನ್ನ ಪೊರೆಯನ್ನು ಬೆಸೆಯುವುದು ಈ ಬೆಸುಗೆ ಕುಣಿಕೆಯಿಂದ. ಈ ಕೆಲಸ ಇಲ್ಲದೆ ವೈರಸ್ಸು ಬದುಕುವಂತಿಲ್ಲ, ಹಾಗಾಗಿ ಇಡೀ ಬಳಗದಲ್ಲಿ ಈ ಕುಣಿಕೆ ಹೆಚ್ಚುಕಡಿಮೆ ಒಂದೇ ತೆರನಾಗಿ ಉಳಿದಿದೆ. ಸೊಳ್ಳೆಯಿಂದ ಹರಡುವ ಡೆಂಗಿಯಂತಹವುಗಳಲ್ಲಿ 104ನೆಯ ಸ್ಥಾನದಲ್ಲಿ ಗ್ಲೈಸಿನ್ ಇದ್ದರೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯಂತಹವುಗಳಲ್ಲಿ ಅಲ್ಲಿ ಹಿಸ್ಟಿಡಿನ್ ಇರುತ್ತದೆ, ಅಕ್ಕಪಕ್ಕದ ಸಾಲು ಬಹುಮಟ್ಟಿಗೆ ಅದೇ. ಇ ಪ್ರೋಟೀನಿನ ಉಳಿದ ಭಾಗವನ್ನು ಹೋಲಿಸಿ ನೋಡಿದರೆ ಡೆಂಗಿಗೂ ಮಂಗನ ಕಾಯಿಲೆಯ ವೈರಸ್ಸಿಗೂ ಅರ್ಧಕ್ಕಿಂತ ಹೆಚ್ಚು ಅಮೈನೋ ಆಮ್ಲಗಳು ಬೇರೆಯಾಗಿವೆ.

ಡೆಂಗಿ ಬಂದು ಹೋದವರಲ್ಲಿ ಈ ಬೆಸುಗೆ ಕುಣಿಕೆಯ ವಿರುದ್ಧದ ಪ್ರತಿಕಾಯಗಳು ಧಾರಾಳವಾಗಿ ಇರುತ್ತವೆ. ಬಳಗದ ಇತರ ವೈರಸ್ಸುಗಳ ಪರೀಕ್ಷೆಯಲ್ಲಿ ಅಡ್ಡ ಪ್ರತಿಕ್ರಿಯೆ ತೋರಿಸುವವು ಹೆಚ್ಚಾಗಿ ಇವೇ, ಅದರಲ್ಲೂ ಐಜಿಜಿ ಪರೀಕ್ಷೆಗಳಲ್ಲಿ. ಆದರೆ ಬಲಿತ ವೈರಸ್ಸಿನ ಕಣದಲ್ಲಿ ಈ ಕುಣಿಕೆ ಪಕ್ಕದ ಇ ಪ್ರೋಟೀನಿನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ, ಕಣ ಆಗೊಮ್ಮೆ ಈಗೊಮ್ಮೆ ಸಡಿಲಗೊಂಡಾಗ ಮಾತ್ರ ಹೊರಗಿಣುಕುತ್ತದೆ. ಪ್ರತಿಕಾಯಗಳನ್ನು ಪತ್ತೆಹಚ್ಚುವ ಎಲೈಸಾ ಪರೀಕ್ಷೆಯ ತಟ್ಟೆಗೆ ಪ್ರತಿಜನಕವನ್ನು ಹಚ್ಚಿದಾಗ ಅದರ ಮಡಿಕೆ ಅಲ್ಲಲ್ಲಿ ಸಡಿಲಗೊಂಡು ಮುಚ್ಚಿದ ಜಾಗಗಳೂ ತೆರೆದುಕೊಳ್ಳುತ್ತವೆ. ಆದ್ದರಿಂದಲೇ ತಟ್ಟೆಯಲ್ಲಿ ಚೆನ್ನಾಗಿ ಅಂಟುವ ಪ್ರತಿಕಾಯ ರಕ್ತದಲ್ಲಿ ಓಡಾಡುವ ಇಡೀ ವೈರಸ್ಸಿನ ಮುಂದೆ ಸೋಲುತ್ತದೆ. ಸೋಂಕನ್ನು ಬಲವಾಗಿ ತಡೆಯುವ ಪ್ರತಿಕಾಯಗಳಲ್ಲಿ ಅನೇಕವು ಅಂಟಿಕೊಳ್ಳುವುದು ಮೂರನೆಯ ಭಾಗಕ್ಕೆ, ಇಲ್ಲವೇ ಜೊತೆಗೂಡಿದ ಇ ಪ್ರೋಟೀನುಗಳ ಮಡಿಕೆಯಿಂದ ಉಂಟಾಗುವ ಜಾಗಗಳಿಗೆ. ಆ ಜಾಗಗಳು ಒಂದೊಂದು ವೈರಸ್ಸಿನಲ್ಲಿಯೂ ಬೇರೆ ಬೇರೆ. ನಿಮ್ಮ ಮಾವನವರ ದೇಹದಲ್ಲಿದ್ದ ಡೆಂಗಿಯ ಪ್ರತಿಕಾಯಗಳಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನು ಗುರುತಿಸಬಲ್ಲವು ಇದ್ದಿರಬಹುದು, ತಡೆಯಬಲ್ಲ ಜಾಗವನ್ನು ಗುರುತಿಸುವವು ಇರಲಿಲ್ಲ. ಡೆಂಗಿಯ ನಾಲ್ಕು ಬಗೆಗಳ ನಡುವೆಯಂತೂ ಇದು ಅಪಾಯಕ್ಕೂ ತಿರುಗುತ್ತದೆ: ಒಂದು ಬಗೆಯ ವಿರುದ್ಧ ಹುಟ್ಟಿದ, ಅಂಟಿಕೊಂಡರೂ ತಡೆಯಲಾರದ ಪ್ರತಿಕಾಯಗಳು ಇನ್ನೊಂದು ಬಗೆಯ ವೈರಸ್ಸು ನಮ್ಮ ಬಿಳಿ ರಕ್ತಕಣಗಳ ಒಳಗೆ ಹೋಗಲು ದಾರಿ ಮಾಡಿಕೊಡಬಲ್ಲವು.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. ಕ್ಯಾಸನೂರಿನ ವೈರಸ್ಸು ಪತ್ತೆಯಾದಾಗ ರಕ್ತಪರೀಕ್ಷೆಗಳಲ್ಲಿ ಅದು ರಷ್ಯಾದ ವಸಂತ–ಬೇಸಿಗೆ ಮಿದುಳುಜ್ವರದ ವೈರಸ್ಸಿಗೆ ಬಹಳ ಹತ್ತಿರದ ನೆಂಟ ಎಂದು ಕಂಡಿತು. ಅಷ್ಟು ಹತ್ತಿರವಾದ ಮೇಲೆ ಆ ರೋಗದ ಲಸಿಕೆಯೇ ಸಾಕಾದೀತು ಎಂಬ ಭರವಸೆಯಿಂದ ಅದನ್ನು ಇಲ್ಲಿನ ಜನರಿಗೆ ಕೊಟ್ಟು ನೋಡಿದರು. ಅದು ಜನರನ್ನು ಕಾಪಾಡಲಿಲ್ಲ. ಕ್ಯಾಸನೂರಿನ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಬೇರೆ ಲಸಿಕೆಯನ್ನು ಆಮೇಲೆ ತಯಾರಿಸಬೇಕಾಯಿತು. ಪರೀಕ್ಷೆಯಲ್ಲಿ ಕಾಣುವ ಹತ್ತಿರದ ನಂಟನ್ನು ರಕ್ಷಣೆ ಎಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಗೊತ್ತಿಲ್ಲ.

ಕಾಳಿಂಗ (ಆಗುಂಬೆ)

ಇದೇ ತತ್ತ್ವವನ್ನು ನಮ್ಮ ಕಡೆ ಹಾವಿನ ವಿಷದ ವಿಷಯದಲ್ಲಿಯೂ ಕಾಣುತ್ತೇವೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅವುಗಳ ರಕ್ತದಿಂದ ಪಡೆದ ಪ್ರತಿಕಾಯಗಳು. ನಮ್ಮ ತೋಟಗಳಲ್ಲಿ ಸಿಗುವ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಈ ಪ್ರತಿಕಾಯಗಳು ಪ್ರಯೋಜನಕ್ಕೆ ಬರುವುದಿಲ್ಲ; ಕಾಳಿಂಗ ಸರ್ಪದ ವಿಷವನ್ನೂ ಅವು ನಿಷ್ಕ್ರಿಯಗೊಳಿಸಲಾರವು, ಅದಕ್ಕೆ ಬೇಕಾದ ಪ್ರತಿವಿಷ ತಯಾರಾಗುವುದು ಥಾಯ್ಲೆಂಡಿನಲ್ಲಿ. ಕುದುರೆಯ ದೇಹ ಯಾವ ಅಣುಗಳ ಯಾವ ಜಾಗಗಳನ್ನು ಕಂಡಿದೆಯೋ ಅಷ್ಟಕ್ಕೇ ಪ್ರತಿಕಾಯ ಹುಟ್ಟುತ್ತದೆ. ಹಾಗೆಂದು ಯಾವ ಹಾವು ಕಚ್ಚಿದರೂ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು. ಕಚ್ಚಿದ ಹಾವು ಯಾವುದೆಂದು ನಾವೇ ತೀರ್ಮಾನಿಸಿಕೊಳ್ಳುವುದು ಅಪಾಯ, ಪ್ರತಿವಿಷವಲ್ಲದೆ ಬೇರೆ ಚಿಕಿತ್ಸೆಗಳೂ ಅಲ್ಲಿ ಸಿಗುತ್ತವೆ.

ತೋಟದಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಉಣುಗುಕಾಡು ಸರ್, ಒಂದು ಮಾತು ಉಳಿಯಿತು. ಮಂಗನ ಕಾಯಿಲೆಯ ವೈರಸ್ಸಿನಿಂದಲೇ ತಯಾರಿಸಿದ ಲಸಿಕೆಯನ್ನು ನಮ್ಮ ಊರಿನಲ್ಲಿ ವರ್ಷ ವರ್ಷವೂ ಮತ್ತೆ ಹಾಕುತ್ತಿದ್ದರು, ಹಾಕಿಸಿಕೊಂಡವರಲ್ಲಿಯೂ ಕೆಲವರಿಗೆ ಕಾಯಿಲೆ ಬಂದಿತು. ಜಾಗಗಳೆಲ್ಲವೂ ಅದೇ ವೈರಸ್ಸಿನವೇ ಆಗಿದ್ದ ಮೇಲೆ ಹೀಗೇಕೆ?

ಉಣುಗುಕಾಡು (ಸಾಗರ)

ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಲ್ಲಿ ಒಂದು ಬೂಸ್ಟರು, ಆಮೇಲೆ ವರ್ಷಕ್ಕೊಂದು ಎಂಬುದು ಆ ಲಸಿಕೆಯ ಕ್ರಮವಾಗಿತ್ತು. 2005ರಿಂದ 2010ರವರೆಗಿನ ಕರ್ನಾಟಕದ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ ಎರಡು ಡೋಸಿನಿಂದ ಶೇಕಡಾ 62.4ರಷ್ಟು, ಬೂಸ್ಟರೂ ಸೇರಿದಾಗ ಶೇಕಡಾ 82.9ರಷ್ಟು ರಕ್ಷಣೆ ಕಂಡುಬಂದಿತ್ತು. ತುಂಗಾತೀರ ಮೇಡಂ ಹೇಳಿದ ಹಿಡಿತ ಬಲಗೊಳ್ಳುವ ಕ್ರಿಯೆಗೆ ಪ್ರತಿ ಡೋಸೂ ಮತ್ತೊಂದು ಸುತ್ತಿನ ಅವಕಾಶ ಕೊಡುತ್ತದೆ, ಬೂಸ್ಟರಿನಿಂದ ರಕ್ಷಣೆ ಹೆಚ್ಚುವುದಕ್ಕೆ ಅದೊಂದು ಕಾರಣ.

ಕೊರತೆಯ ಕಡೆ ನೋಡುವುದಾದರೆ, ಫಾರ್ಮಲಿನ್ ಪ್ರೋಟೀನುಗಳಲ್ಲಿರುವ ಲೈಸಿನ್‌ನಂತಹ ಅಮೈನೋ ಆಮ್ಲಗಳಿಗೆ ಕೂಡಿಕೊಂಡು ಅಡ್ಡಬೆಸುಗೆಗಳನ್ನು ಹಾಕುತ್ತದೆ. ವೈರಸ್ಸು ನಿಷ್ಕ್ರಿಯವಾಗುವುದು ಹಾಗೆಯೇ, ಆದರೆ ಅದೇ ಹೊತ್ತಿನಲ್ಲಿ ಕೆಲವು ಎಪಿಟೋಪ್‌ಗಳೂ ಮೂಲ ರೂಪ ಕಳೆದುಕೊಳ್ಳಬಹುದು. ಇನ್ನೊಂದು, ನಿಷ್ಕ್ರಿಯ ವೈರಸ್ಸು ಕೋಶದೊಳಗೆ ಹೊಕ್ಕು ಬೆಳೆಯುವುದಿಲ್ಲ. ಆದ್ದರಿಂದ ಹೊಳೆದಾಟು ಅವರು ವಿವರಿಸಿದ ಮೊದಲ ವರ್ಗದ ಎಚ್‌ಎಲ್‌ಎಯಲ್ಲಿ ಅದರ ತುಣುಕುಗಳು ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ, ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಜೀವಕೋಶಗಳು ಚೆನ್ನಾಗಿ ತಯಾರಾಗುವುದಿಲ್ಲ.

ಹೀಗಾಗಿ ಮಂಗನ ಕಾಯಿಲೆಗೆ ಬರುವ ಯಾವುದೇ ಹೊಸ ಲಸಿಕೆಯ ಬಗ್ಗೆ ನಾನು ಮೊದಲು ಕೇಳುವ ಪ್ರಶ್ನೆ ಇದು: ಅದು ಇ ಪ್ರೋಟೀನಿನ ಮಡಿಕೆಯನ್ನು ವೈರಸ್ಸಿನ ಮೈಮೇಲೆ ಇರುವಂತೆಯೇ ಉಳಿಸಿಕೊಂಡಿದೆಯೇ? ಎಲೈಸಾದಲ್ಲಿ ಪ್ರತಿಕಾಯದ ಪ್ರಮಾಣ ಏರಿದೆ ಎಂದು ತೋರಿಸಿದರೆ ಸಾಲದು. ಲಸಿಕೆ ಪಡೆದವರ ರಕ್ತಸಾರವನ್ನು ಜೀವಂತ ವೈರಸ್ಸಿನ ಜೊತೆ ಬೆರೆಸಿ, ಅದು ಕೋಶಗಳಿಗೆ ಸೋಂಕು ತಗಲಿಸುವುದನ್ನು ಆ ರಕ್ತಸಾರ ಎಷ್ಟರಮಟ್ಟಿಗೆ ತಡೆಯಿತು ಎಂದು ಅಳೆಯಬೇಕು. ಈ ವೈರಸ್ಸನ್ನು ಬಿಗಿಭದ್ರತೆಯ ಪ್ರಯೋಗಾಲಯದಲ್ಲಿ ಮಾತ್ರ ಬೆಳೆಸಬಹುದಾದ್ದರಿಂದ ಆ ಪರೀಕ್ಷೆ ನಿಧಾನ, ದುಬಾರಿ. ಆದರೂ ಅಂಟುವ ಪ್ರತಿಕಾಯ ಯಾವುದು, ತಡೆಯುವ ಪ್ರತಿಕಾಯ ಯಾವುದು ಎಂಬುದು ತಿಳಿಯುವುದು ಅದರಿಂದಲೇ.